ರೂವಾರಿಯ ರುಜು, ರಸಿಕನ ಕಿವಿ

ಹಾಸನ ಜಿಲ್ಲೆಯ ಉತ್ತರ ಭಾಗದಲ್ಲಿ, ಅಂದರೆ ಅರಸೀಕೆರೆಯಿಂದ ಜಾವಗಲ್ಲು, ಹಳೇಬೀಡುಗಳನ್ನು ಹಾದು ಬೇಲೂರಿನವರೆಗಿನ ಸೀಮೆಯಲ್ಲಿ, ಚಿತ್ರಗೀತೆಯನ್ನು ದಿನವೂ ಕೇಳುವ ಅಭ್ಯಾಸಕ್ಕೆ ಬೇರೆಡೆ ಸುಲಭವಾಗಿ ಸಿಗದ ಒಂದು ಹಿನ್ನೆಲೆ ಇದೆ. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರವೆಂದು ಹೆಸರಾದ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ತೆರೆಗೆ ಬಂದಾಗ, ಅದು ಹೇಳಿದ್ದು ಈ ಸೀಮೆಯ ಗುಡಿಗಳ ಕಥೆಯನ್ನು. ಛಾಯಾಗ್ರಾಹಕರಾಗಿ ಮೊದಲು ಹೆಸರು ಮಾಡಿದ್ದ ಬಿ. ಎಸ್. ರಂಗಾ ಅದರ ನಿರ್ದೇಶಕರಾಗಿದ್ದರು. ಕಲ್ಯಾಣ್‌ಕುಮಾರ್ ಶಿಲ್ಪಿಯಾಗಿ, ಬಿ. ಸರೋಜಾದೇವಿ ನಾಯಕಿಯಾಗಿ ಅಭಿನಯಿಸಿದರು. ಸಂಗೀತ ಸಾಲೂರು ರಾಜೇಶ್ವರರಾಯರದು. ಅದೇ ಕಥೆ ತೆಲುಗಿನಲ್ಲೂ ತಯಾರಾಗಿ, ಅಲ್ಲಿ ಶಿಲ್ಪಿಯ ಪಾತ್ರವನ್ನು ಅಕ್ಕಿನೇನಿ ನಾಗೇಶ್ವರರಾವ್ ವಹಿಸಿದರು. ಬಣ್ಣದ ಫಿಲ್ಮು ದುಬಾರಿಯಾಗಿದ್ದ ಆ ಕಾಲದಲ್ಲಿ, ಹಸಿರು ಬೆರೆತ ಬೂದುಬಣ್ಣದ ಬಳಪದ ಕಲ್ಲಿನ ಶಿಲ್ಪಲೋಕಕ್ಕಾಗಿ ಮೊದಲ ಬಾರಿಗೆ ಆ ವೆಚ್ಚವನ್ನು ಮಾಡಿದ್ದು ಕನ್ನಡ ಚಿತ್ರರಂಗದ ದೊಡ್ಡ ಧೈರ್ಯಗಳಲ್ಲಿ ಒಂದು.

ಆ ಕಾಲದ ಶ್ರೋತೃವಿಗೆ ಹಾಡು ತಲುಪುತ್ತಿದ್ದ ಬಗೆಯನ್ನು ತಿಳಿಯದೆ ಅವನ ಆಲಿಕೆಯ ಸ್ವರೂಪ ಅರ್ಥವಾಗುವುದಿಲ್ಲ. ಹಳ್ಳಿಗಳಲ್ಲಿ ಸಿನಿಮಾ ಎಂದರೆ ಟೂರಿಂಗ್ ಟಾಕೀಸು, ಅಂದರೆ ಊರಿಂದೂರಿಗೆ ಹೋಗಿ ಬಯಲಿನಲ್ಲಿ ಡೇರೆ ಹಾಕಿ ಚಿತ್ರ ತೋರಿಸುತ್ತಿದ್ದ ಮಂದಿರ. ಆಟ ಶುರುವಾಗುವ ಮುಂಚೆ ಧ್ವನಿವರ್ಧಕದಲ್ಲಿ ಹಾಕುತ್ತಿದ್ದ ಹಾಡುಗಳೇ ಸುತ್ತಲಿನ ಊರುಗಳಿಗೆ ಕರೆಯಾಗಿದ್ದವು, ಟೆಂಟಿನ ಬಾಗಿಲಲ್ಲಿ ಮಾರಾಟಕ್ಕಿಡುತ್ತಿದ್ದ ಹಾಡಿನ ಪುಸ್ತಕ ಮನೆಗೆ ಒಯ್ಯಬಹುದಾಗಿದ್ದ ಏಕೈಕ ದಾಖಲೆಯಾಗಿತ್ತು. ಗ್ರಾಮಫೋನು ಇದ್ದ ಮನೆಗಳು ಕಡಿಮೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಸಂಗೀತ ಮಾತ್ರ ಹಿಡಿಯುತ್ತಿದ್ದುದರಿಂದ, ಪಲ್ಲವಿ ಎಂಬ ಮರಳಿ ಮರಳಿ ಬರುವ ಮೊದಲ ಸಾಲು, ಅದರ ಭಾವವನ್ನು ಬೆಳೆಸುವ ಎರಡು ಮೂರು ಚರಣಗಳು, ಅವುಗಳ ನಡುವೆ ಕೊಳಲು, ಸಿತಾರು, ಪಿಟೀಲುಗಳ ತುಣುಕು ವಾದನ, ಇಷ್ಟನ್ನು ಆ ಅವಧಿಯೊಳಗೆ ಹಿಡಿಸುವುದು ಸಂಗೀತ ನಿರ್ದೇಶಕನ ಕೆಲಸವಾಗಿತ್ತು. ಚಿತ್ರಗೀತೆಯ ಬಿಗಿಯಾದ ಅಳತೆಗೆ ಈ ತಟ್ಟೆಯ ಮಿತಿ ಒಂದು ಮುಖ್ಯ ಕಾರಣ, ಮತ್ತು ಆ ಅಳತೆ ತಟ್ಟೆಗಳು ಮರೆಯಾದ ಮೇಲೂ ಬಹುಕಾಲ ಉಳಿದುಕೊಂಡಿತು.

ನಿಜವಾಗಿ ನಿತ್ಯದ ಆಲಿಕೆಯನ್ನು ಬೆಳೆಸಿದ್ದು ರೇಡಿಯೊ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಖಾಸಗಿಯಾಗಿ ಆರಂಭಿಸಿದ ‘ಆಕಾಶವಾಣಿ’ ಕೇಂದ್ರವು ಮುಂದೆ ಸರ್ಕಾರದ ವಶಕ್ಕೆ ಬಂದು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆದರೆ 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತಕ್ಕೆ ಮೊದಲ ಮಣೆ ಹಾಕಿ ಚಿತ್ರಗೀತೆಗಳನ್ನು ಬಾನುಲಿಯಿಂದ ಬಹುಮಟ್ಟಿಗೆ ದೂರವಿಟ್ಟರು. ಕೇಳುಗರು ಸಿಂಹಳದಿಂದ ಬರುವ ರೇಡಿಯೊ ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದರು. ಆ ವಲಸೆಯನ್ನು ತಡೆಯಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಕೇಸ್ಕರರ ನಿಲುವಿನಲ್ಲಿ ಹಟವಿತ್ತು, ಜನರ ರುಚಿಯ ಬಗ್ಗೆ ಅಸಹನೆಯೂ ಇತ್ತು. ಆದರೂ ಅದೇ 1952ರಲ್ಲಿ ಆರಂಭವಾದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಿಂದಾಗಿ, ಸಭಾಂಗಣವಿಲ್ಲದ ಊರುಗಳಲ್ಲಿ ಕುಳಿತವರಿಗೂ ದೇಶದ ಹಿರಿಯ ವಿದ್ವಾಂಸರ ಕಛೇರಿ ದಕ್ಕಿತು ಎಂಬುದನ್ನು ಮರೆಯಲಾಗದು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗಕ್ಕೆ ಹಾಸನದ ಕಡೆಯ ಮಾರ್ಗ ಬಂದು ಕೂಡುವ ಅರಸೀಕೆರೆಯಂಥ ಜಂಕ್ಷನ್ನಿನ ಊರಿನಲ್ಲಿ, ಕೊಬ್ಬರಿ ವ್ಯಾಪಾರಕ್ಕೆ ಬಂದವರಿಗೂ ರೈಲಿಗೆ ಕಾದವರಿಗೂ ಹೋಟೆಲಿನ ರೇಡಿಯೊವೇ ಸಂಗೀತದ ಚಾವಡಿಯಾಗಿತ್ತು. ಬಳಿಕ ಹಾಸನದಲ್ಲಿಯೇ ಆಕಾಶವಾಣಿ ಕೇಂದ್ರವೊಂದು ನೆಲೆಗೊಂಡು, ಜಿಲ್ಲೆಯ ಗಾಯಕರಿಗೂ ಜನಪದ ಮೇಳಗಳಿಗೂ ಧ್ವನಿಮುದ್ರಣದ ಅವಕಾಶ ಹತ್ತಿರವಾಯಿತು.

ಬೆಳಗಿನ ಭಕ್ತಿಗೀತೆ, ಮಧ್ಯಾಹ್ನದ ಕೋರಿಕೆಯ ಚಿತ್ರಗೀತೆ, ರಾತ್ರಿಯ ಕಛೇರಿ ಎಂಬ ಈ ದಿನಚರಿಯಲ್ಲಿ ಕೇಳುಗನ ಕಿವಿ ತಾನಾಗಿಯೇ ಪಳಗುತ್ತದೆ. ಮೊದಮೊದಲು ಅವನಿಗೆ ಹಾಡುಗಾರನ ಕಂಠ ಮಾತ್ರ ಗುರುತು ಸಿಗುತ್ತದೆ. ವರ್ಷಗಳು ಕಳೆದಂತೆ ಅದೇ ಹಾಡಿನೊಳಗೆ ಶ್ರುತಿ, ಅಂದರೆ ಹಾಡು ನಿಂತಿರುವ ಆಧಾರದ ನಾದ, ಲಯ, ಅಂದರೆ ಅದರ ನಡಿಗೆಯ ವೇಗ, ಪಲ್ಲವಿಯ ಕೊನೆಯಲ್ಲಿ ತಬಲಾ ಕೊಡುವ ತಿರುವು ಇವೆಲ್ಲ ಬೇರೆ ಬೇರೆಯಾಗಿ ಕೇಳಿಸತೊಡಗುತ್ತವೆ. ಯಾವ ಗುರುವಿನ ಮುಂದೆಯೂ ಕುಳಿತುಕೊಳ್ಳದವನು ಹೀಗೆ ರಾಗದ ಹೊಸ್ತಿಲಿಗೆ ಬಂದು ನಿಲ್ಲುವುದು ಕರ್ನಾಟಕದ ಸಂಗೀತ ಚರಿತ್ರೆಯಲ್ಲಿ ಸಾಕಷ್ಟು ಗಮನ ಪಡೆಯದ ಸಂಗತಿ, ಮತ್ತು ಅವನನ್ನು ಆ ಹೊಸ್ತಿಲು ದಾಟಿಸಿದ್ದು ಬಹುಪಾಲು ಸಿನಿಮಾವೇ. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’ (1966) ಚಿತ್ರದಲ್ಲಿ ಒಂದೇ ಸಾಹಿತ್ಯವನ್ನು ಭೀಮಸೇನ ಜೋಶಿ, ಬಾಲಮುರಳಿಕೃಷ್ಣ, ಎಸ್. ಜಾನಕಿ ಬೇರೆ ಬೇರೆಯಾಗಿ ಹಾಡಿದ್ದಾರೆ. ಹಿಂದುಸ್ತಾನಿ ಪದ್ಧತಿ ಸ್ವರವನ್ನು ನೀಳವಾಗಿ ಎಳೆದು ನಿಲ್ಲಿಸುವ ರೀತಿಗೂ, ಕರ್ನಾಟಕ ಪದ್ಧತಿ ಅದನ್ನು ಗಮಕದಿಂದ, ಅಂದರೆ ಒಲೆದಾಟದಿಂದ, ತುಂಬುವ ರೀತಿಗೂ ಇರುವ ಅಂತರವನ್ನು ಪಾಠವಿಲ್ಲದೆ ತಿಳಿಸುವ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಅ.ನ.ಕೃ. ಅವರ ಹೆಸರಿನ ಮೊದಲಕ್ಷರ ಸೂಚಿಸುವ ಅರಕಲಗೂಡು ಇದೇ ಹಾಸನ ಜಿಲ್ಲೆಯದು. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ತಂದಿತು. ‘ಸನಾದಿ ಅಪ್ಪಣ್ಣ’ದಲ್ಲಿ (1977) ರಾಜ್‌ಕುಮಾರ್ ಅಭಿನಯಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿ ಜೊತೆಯಾಯಿತು.

ಈ ಚಿತ್ರಗಳು ಕಲೆಯನ್ನು ಮನೆಮನೆಗೆ ಮುಟ್ಟಿಸಿದವು, ಜೊತೆಗೆ ಕಲಾವಿದನ ಕಷ್ಟದ ಬಗ್ಗೆ ಒಂದು ಗಟ್ಟಿಯಾದ ಕಲ್ಪನೆಯನ್ನೂ ಬಿತ್ತಿದವು. ‘ಹಂಸಗೀತೆ’ಯ ಹಿಂದಿರುವುದು ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಐತಿಹ್ಯ. ಜಕಣಾಚಾರಿಯದು ಇನ್ನೂ ಪ್ರಸಿದ್ಧ: ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಡಂಕಣನೆಂಬ ತರುಣ ಹೇಳುತ್ತಾನೆ, ಮೈತುಂಬ ಗಂಧ ಬಳಿದಾಗ ನಾಭಿಯ ಬಳಿ ಮಾತ್ರ ಹಸಿ ಆರುವುದಿಲ್ಲ, ಉಳಿಯೇಟಿಗೆ ಅಲ್ಲಿಂದ ಕಪ್ಪೆ ಹೊರಬೀಳುತ್ತದೆ, ದೋಷ ಕಂಡರೆ ಕೈ ಕಡಿದುಕೊಳ್ಳುವೆನೆಂಬ ಮಾತಿಗೆ ಕಟ್ಟುಬಿದ್ದ ಜಕಣಾಚಾರಿ ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ, ಆ ತರುಣ ತನ್ನ ಮಗನೆಂದು ಆಮೇಲೆ ತಿಳಿಯುತ್ತದೆ, ತುಮಕೂರಿನ ಬಳಿಯ ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬರುತ್ತದೆ. ನಾಡು ಈ ಕಥೆಯನ್ನು ಎಷ್ಟು ಒಲಿದಿದೆಯೆಂದರೆ, ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಜಕಣಾಚಾರಿಯ ಹೆಸರೇ ಇದೆ.

ಆದರೆ 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ಕಲ್ಲುಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಅಲ್ಲಿನ ಶಿಲ್ಪಗಳ ಪೀಠಗಳಲ್ಲಿ ರೂವಾರಿಗಳು, ಅಂದರೆ ಮೂರ್ತಿ ಕಡೆಯುವ ಶಿಲ್ಪಿಗಳು, ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆ, ಕೆಲವರು ತಂದೆಯ ಹೆಸರು, ಊರು, ಬಿರುದುಗಳನ್ನೂ ಸೇರಿಸಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ ಮೊದಲಾದವರು ಹೀಗೆ ನಮಗೆ ತಿಳಿದಿದ್ದಾರೆ. ತಂದೆ ಮತ್ತು ಮಗ ಇಲ್ಲಿ ಎದುರಾಳಿಗಳಾಗಿ ನಿಂತಿಲ್ಲ. ಒಂದೇ ಗುಡಿಯ ಮದನಿಕೆಗಳನ್ನು, ಅಂದರೆ ಕಂಬ ಮತ್ತು ಸೂರುಗಳ ನಡುವೆ ಓರೆಯಾಗಿ ನಿಲ್ಲಿಸಿದ ಸುಂದರಿಯರ ಮೂರ್ತಿಗಳನ್ನು, ಹಂಚಿಕೊಂಡು ಕಡೆದಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು 1196ರ ಅಮೃತಾಪುರದಿಂದ ಹದಿಮೂರನೆಯ ಶತಮಾನದ ಸೋಮನಾಥಪುರದವರೆಗೆ, ನಡುವೆ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿಯೂ, ಕಾಣಿಸಿಕೊಳ್ಳುತ್ತದೆ. ಕೈ ಕಡಿದುಕೊಂಡ ಒಬ್ಬ ಮಹಾಶಿಲ್ಪಿಗಿಂತ, ದಶಕಗಟ್ಟಲೆ ಊರಿಂದೂರಿಗೆ ಉಳಿ ಹೊತ್ತು ನಡೆದು, ಕೆಲಸ ಮುಗಿಸಿ, ಹೆಮ್ಮೆಯಿಂದ ರುಜು ಹಾಕಿದ ಈ ಕಸುಬುದಾರರೇ ಸೃಷ್ಟಿಯ ಕಷ್ಟವನ್ನು ಹೆಚ್ಚು ಸತ್ಯವಾಗಿ ತಿಳಿಸುತ್ತಾರೆ. ಸೃಜನಶೀಲತೆಯ ತೊಳಲಾಟವೆಂದರೆ ಒಂದು ಘೋರ ಕ್ಷಣದ ಬಲಿದಾನವೆಂಬ ನಂಬಿಕೆಯನ್ನು ಸಿನಿಮಾ ಕೊಟ್ಟಿದೆ. ಅದು ದಿನದಿನದ ದುಡಿಮೆಯೆಂಬುದನ್ನು ಅದೇ ಸಿನಿಮಾದ ಹಿನ್ನೆಲೆಯಾಗಿದ್ದ ಕಲ್ಲುಗಳು ಹೇಳುತ್ತವೆ.

ಸಂಗೀತದ ಮಟ್ಟಿಗೆ ಇದರ ಜೀವಂತ ಸಾಕ್ಷಿಯೂ ಇದೇ ಜಿಲ್ಲೆಯಲ್ಲಿದೆ. ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದ ರುದ್ರಪಟ್ಟಣವೆಂಬ ಸಣ್ಣ ಊರು ಆರ್. ಕೆ. ಶ್ರೀಕಂಠನ್ (1920–2014), ಆರ್. ಕೆ. ಪದ್ಮನಾಭ, ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಮುಂತಾದ ವಿದ್ವಾಂಸರನ್ನು ನಾಡಿಗೆ ಕೊಟ್ಟಿದೆ. ಅಂಥ ಮನೆಗಳಲ್ಲಿ ಸಂಗೀತ ಶುರುವಾಗುವುದು ಸರಳೆಯಿಂದ, ಅಂದರೆ ಸಪ್ತಸ್ವರಗಳನ್ನು ಏರಿಸಿ ಇಳಿಸುವ ಮೊದಲ ಪಾಠದಿಂದ. ಅದೇ ಸ್ವರಸಾಲನ್ನು ಒಂದನೆಯ, ಎರಡನೆಯ, ಮೂರನೆಯ ಕಾಲಗಳಲ್ಲಿ, ಅಂದರೆ ಇಮ್ಮಡಿಯಾಗುತ್ತ ಹೋಗುವ ವೇಗಗಳಲ್ಲಿ, ವರ್ಷಗಟ್ಟಲೆ ಹಾಡಿದ ಮೇಲೆ ಕೀರ್ತನೆಯ ಸರದಿ. ಶ್ರೀಕಂಠನ್ ಅವರು ದೀರ್ಘಕಾಲ ಆಕಾಶವಾಣಿಯ ಸೇವೆಯಲ್ಲಿದ್ದುದರಿಂದ ಈ ಶಿಸ್ತು ಸಾಮಾನ್ಯ ಕೇಳುಗರ ಮನೆಯನ್ನೂ ಮುಟ್ಟಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ‘ಮಂದ್ರ’ ಕಾದಂಬರಿಯಲ್ಲಿ ಇನ್ನೂ ಕಠಿಣವಾದ ಪ್ರಶ್ನೆಯನ್ನು ಎತ್ತಿದರು: ನಾದದ ಶಿಖರ ಮುಟ್ಟಿದವನು ಬದುಕಿನಲ್ಲಿಯೂ ದೊಡ್ಡವನಾಗಬೇಕೆಂಬ ನಿಯಮವೇನಿದೆ? 2010ರ ಸಾಲಿನ ಸರಸ್ವತಿ ಸಮ್ಮಾನ್ ಪಡೆದ ಆ ಕೃತಿ, ಕಲಾವಿದನನ್ನು ತ್ಯಾಗಮೂರ್ತಿಯಾಗಿಯೇ ಕಂಡ ಸಿನಿಮಾ ಪರಂಪರೆಗೆ ಅಗತ್ಯವಾಗಿದ್ದ ಪ್ರತಿವಾದ.

ಕೇಳುಗ ತಾನೇ ಹಾಡಲು, ರಾಗ ಕಟ್ಟಲು ಹೊರಟಾಗ ಎದುರಾಗುವ ತೊಡಕು ಬೇರೆ ಬಗೆಯದು. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಹಾಡುವವನು ಪಿ. ಬಿ. ಶ್ರೀನಿವಾಸ್ ಅಥವಾ ರಾಜ್‌ಕುಮಾರ್ ಅವರಂತೆಯೇ ಕೇಳಿಸಬೇಕೆಂದು ಜನ ಬಯಸುತ್ತಾರೆ, ಈಗ ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುವವರಿಗೂ ಮೂಲದ ವೇಗ, ಮೂಲದ ಶ್ರುತಿ ಬಿಟ್ಟರೆ ದಾರಿಯಿಲ್ಲ. ಅನುಕರಣೆ ಕಲಿಕೆಯ ಮೊದಲ ಮೆಟ್ಟಿಲೆಂಬುದು ನಿಜವೇ, ಶಾಸ್ತ್ರೀಯ ಗುರುಕುಲವೂ ಅದರಿಂದಲೇ ತೊಡಗುತ್ತದೆ. ಆದರೆ ಗುರುಕುಲದಲ್ಲಿ ಶಿಷ್ಯನನ್ನು ಮನೋಧರ್ಮದ ಕಡೆಗೆ, ಅಂದರೆ ರಾಗದ ಚೌಕಟ್ಟಿನೊಳಗೆ ತಾನೇ ಸ್ವರ ಪೋಣಿಸುವ ಸ್ವಾತಂತ್ರ್ಯದ ಕಡೆಗೆ, ಒಯ್ಯುವ ಏರ್ಪಾಡಿದೆ, ಚಿತ್ರಗೀತೆಯನ್ನೇ ಗುರುವಾಗಿ ನಂಬಿದವನಿಗೆ ಅದಿಲ್ಲ. ಅವನು ಹೊಸ ಮಟ್ಟು ಕಟ್ಟಲು ಕುಳಿತಾಗ ಮೊದಲು ಬೆರಳಿಗೆ ಬರುವುದು ಹಿಂದೆ ಕೇಳಿದ್ದೇ, ಅದು ಯಾರದೆಂಬ ನೆನಪು ಮಾಸಿದಾಗ ಅದನ್ನು ತನ್ನದೆಂದು ನಂಬುವ ಅಪಾಯವೂ ಉಂಟು. ಹಾಗಾಗಿ ಒಳ್ಳೆಯ ಕೇಳುಗನಾಗುವುದು ಸ್ವಂತ ಸೃಷ್ಟಿಗೆ ಅಡ್ಡಿಯೆಂದು ಕೆಲವರು ತಿಳಿಯುವುದುಂಟು. ಇದು ಪೂರ್ತಿ ಸರಿಯಲ್ಲ. ಏನನ್ನು ಎಲ್ಲಿಂದ ಪಡೆದೆನೆಂದು ಹೆಸರಿಟ್ಟು ಗುರುತಿಸಬಲ್ಲ ಕಿವಿ ಮಾತ್ರ ಅದರಿಂದ ಸರಿದು ನಿಲ್ಲಬಲ್ಲದು.

ಬೇಲೂರಿಗೂ ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿಗೂ ಸಂಗೀತಾಸಕ್ತರು ಹೋಗಿ ನೋಡಬೇಕಾದ್ದು ಇದೇ ಗುರುತಿಸುವಿಕೆಯ ಕಾರಣಕ್ಕೆ. ಬೇಲೂರಿನ 42 ಮದನಿಕೆಗಳಲ್ಲಿಯೂ ಎರಡೂ ಗುಡಿಗಳ ಗೋಡೆಸಾಲುಗಳಲ್ಲಿಯೂ ಕೊಳಲು, ತಾಳ, ನಡು ಸಣ್ಣಗಿರುವ ಡಮರುವಿನಾಕಾರದ ವಾದ್ಯ, ಉದ್ದನೆಯ ಮದ್ದಳೆಗಳನ್ನು ನುಡಿಸುವವರು ಕಾಣುತ್ತಾರೆ. ಅಲ್ಲಿನ ವೀಣೆ ಇಂದಿನ ಸರಸ್ವತಿ ವೀಣೆಯಲ್ಲ, ಕೋಲಿಗೆ ಸೋರೆಬುರುಡೆ ಕಟ್ಟಿದ ಹಳೆಯ ಬಗೆ. ಇಂದಿನ ರೂಪ ಹದಿನೇಳನೆಯ ಶತಮಾನದ ತಂಜಾವೂರಿನಲ್ಲಿ ನೆಲೆಗೊಂಡಿತು, ಪಿಟೀಲು ಬಂದದ್ದು ಅದಕ್ಕೂ ತಡವಾಗಿ. ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಕೊಂಡಾಡುವ, ವಿಷ್ಣುವರ್ಧನನ ರಾಣಿ ಶಾಂತಲೆ, ಬೇಲೂರಿನ ಆವರಣದಲ್ಲಿಯೇ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ಸೋಮನಾಥಪುರದೊಡನೆ ಈ ಎರಡು ಊರುಗಳ ದೇಗುಲಗಳೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡುಗರ ಸಂಖ್ಯೆ ಬೆಳೆಯುತ್ತಿದೆ. ವಾದ್ಯಗಳನ್ನು ವಾದ್ಯಗಳಾಗಿ ವಿವರಿಸುವ ಮಾರ್ಗದರ್ಶಿ ಪುಸ್ತಕವೊಂದು ಕನ್ನಡದಲ್ಲಿ ಅಲ್ಲಿ ಸುಲಭ ಬೆಲೆಗೆ ಸಿಗುವಂತಾಗಬೇಕು.

ಹನ್ನೆರಡನೆಯ ಶತಮಾನದ ದಾಸೋಜನ ಹೆಸರನ್ನು ಅವನ ಮೂರ್ತಿಯ ಪಾದದಲ್ಲಿ ಇಂದಿಗೂ ಓದಬಹುದು. 1960ರ ದಶಕದ ಚಿತ್ರಗೀತೆಗಳ ತಟ್ಟೆಗಳ ಮೇಲೆ ಚಿತ್ರದ ಹೆಸರು, ಹಾಡಿದವರು, ಬರೆದವರು, ಸಂಗೀತ ನಿರ್ದೇಶಕರು ಇಷ್ಟೇ ಸಾಮಾನ್ಯವಾಗಿ ಅಚ್ಚಾಗುತ್ತಿದ್ದುದರಿಂದ, ಮದರಾಸಿನ ಸ್ಟುಡಿಯೊಗಳಲ್ಲಿ ಒಂದೆರಡು ಮೈಕುಗಳ ಮುಂದೆ ಗಾಯಕರೊಡನೆ ಒಟ್ಟಿಗೆ ಕುಳಿತು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕಾಗಿದ್ದ ಕೊಳಲಿನವರು, ಪಿಟೀಲಿನವರು, ತಬಲಾದವರು ಬಹುಪಾಲು ಹೆಸರಿಲ್ಲದೆ ಉಳಿದಿದ್ದಾರೆ. ಅವರನ್ನು ಹುಡುಕುವ ಕೆಲಸ ಈಗ ನಿತ್ಯ ಕೇಳುವ ರಸಿಕರ ಪಾಲಿಗೆ ಬಂದಿದೆ: ಹಳೆಯ ವಾದಕರ ಸಂದರ್ಶನಗಳನ್ನು ಕಲೆಹಾಕುವುದು, ಊದುವ ಉಸಿರಿನ ರೀತಿಯಿಂದ, ಕಮಾನಿನ ಎಳೆತದಿಂದ ಇದು ಇಂಥವರದೇ ವಾದನವೆಂದು ವಾದಿಸುವುದು, ಹಾಡಿನ ಪಟ್ಟಿಯ ಪಕ್ಕದಲ್ಲಿ ಆ ಹೆಸರನ್ನು ಬರೆದಿಡುವುದು.