ಕಲಬುರಗಿ–ಕಮಲಾಪುರ ಪ್ರದೇಶದ ಭೂವಿಜ್ಞಾನ

ಕಲಬುರಗಿ ನಗರ ಹಾಗೂ ಅದರ ಈಶಾನ್ಯಕ್ಕೆ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ, ದಖ್ಖನ್ ಟ್ರ್ಯಾಪ್ ಎಂಬ ಲಾವಾ ಪ್ರಸ್ಥಭೂಮಿಯ ಆಗ್ನೇಯ ಅಂಚಿನಲ್ಲಿವೆ. ಮಹಾರಾಷ್ಟ್ರದ ಬಹುಭಾಗವನ್ನೂ ನೆರೆರಾಜ್ಯಗಳ ಕೆಲವು ಭಾಗಗಳನ್ನೂ ಆವರಿಸಿರುವ ಈ ಪ್ರಸ್ಥಭೂಮಿಯ ಇಂದಿನ ವಿಸ್ತೀರ್ಣ ಸುಮಾರು 5 ಲಕ್ಷ ಚದರ ಕಿ.ಮೀ. ‘ಟ್ರ್ಯಾಪ್’ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದಿದೆ. ಒಂದರ ಮೇಲೊಂದು ಹರಡಿದ ಲಾವಾ ಪದರಗಳು ಸವೆದು ಗುಡ್ಡಗಳ ಅಂಚು ಮೆಟ್ಟಿಲಿನಂತೆ ಕಾಣುತ್ತದೆ.

ಉಗಮ

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ, ಈ ಲಾವಾ ಹೊರಬಂದಿತು. ಅದು ಶಂಕುವಿನಾಕಾರದ ಪರ್ವತದಿಂದ ಚಿಮ್ಮದೆ ಭೂಮಿಯ ಉದ್ದನೆಯ ಬಿರುಕುಗಳಿಂದ ಉಕ್ಕಿ ಹರಿದದ್ದರಿಂದ ಇಲ್ಲಿ ಜ್ವಾಲಾಮುಖಿಯ ಬಾಯಿಯನ್ನು ಹುಡುಕುವುದು ವ್ಯರ್ಥ. ಇದನ್ನು ‘ಸುಪ್ತ’ ಜ್ವಾಲಾಮುಖಿ ಪ್ರದೇಶವೆನ್ನುವುದೂ ಸರಿಯಲ್ಲ. ಹೆಚ್ಚಿನ ಭೂವಿಜ್ಞಾನಿಗಳ ಪ್ರಕಾರ ಈ ಲಾವಾಕ್ಕೆ ಕಾರಣವಾದ ಆಳದ ಶಾಖಮೂಲ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಭಾರತದ ಭೂಫಲಕವು ಉತ್ತರಕ್ಕೆ ಸರಿದು ಅದರಿಂದ ಸಾವಿರಾರು ಕಿ.ಮೀ. ದೂರ ಬಂದಿದೆ.

ಶಿಲೆ ಮತ್ತು ಮಣ್ಣು

ಪ್ರಧಾನ ಶಿಲೆ ಬಸಾಲ್ಟ್. ಅಂಚಿನಲ್ಲಿ ಲಾವಾ ಹೊದಿಕೆ ತೆಳುವಾಗಿದ್ದು, ದಕ್ಷಿಣಕ್ಕೆ ಹೋದಂತೆ ಅದರಡಿಯ ಬಹಳ ಹಳೆಯ ಭೀಮಾ ಸಮೂಹದ ಸುಣ್ಣಕಲ್ಲು ಮೇಲ್ಮೈಗೆ ಬರುತ್ತದೆ. ನೆಲಹಾಸಿಗೆ ಬಳಸುವ ಶಹಾಬಾದ್ ಕಲ್ಲು ಇದೇ. ವಾಡಿ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಆಧಾರ. ಬಸಾಲ್ಟ್ ಶಿಥಿಲಗೊಂಡು ಉಂಟಾದ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಮಳೆಯಾಶ್ರಿತ ತೊಗರಿ, ಜೋಳಕ್ಕೆ ಹೊಂದುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆ ಮಾತ್ರ ಕಮಲಾಪುರದ ಕಣಿವೆಯ ಕೆಂಪು ಮಣ್ಣಿನ ಬೆಳೆ.

ಅಂತರ್ಜಲ

ಗಟ್ಟಿ ಬಸಾಲ್ಟ್ ನೀರನ್ನು ಹಿಡಿಯದು. ಶಿಥಿಲಗೊಂಡ ಮೇಲ್ಪದರ, ಬಿರುಕುಗಳು ಹಾಗೂ ಲಾವಾದ ಅನಿಲಗುಳ್ಳೆಗಳಿಂದಾದ ರಂಧ್ರಮಯ ಪದರಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಒಂದೇ ಹೊಲದ ಎರಡು ಕೊಳವೆಬಾವಿಗಳಲ್ಲಿ ಒಂದಕ್ಕೆ ನೀರು ದೊರೆತು ಇನ್ನೊಂದು ಬರಿದಾಗುವುದು ಇದರಿಂದಲೇ. ಆಳ ಹೆಚ್ಚಿಸಿದ ಮಾತ್ರಕ್ಕೆ ನೀರು ಸಿಗುವ ಖಾತ್ರಿಯಿಲ್ಲ.

ಭೂಕಂಪನ

1993ರ ಸೆಪ್ಟೆಂಬರ್ 30ರಂದು ಇದೇ ಲಾವಾ ಪ್ರದೇಶದ ಕಿಲ್ಲಾರಿಯಲ್ಲಿ (ಲಾತೂರ್ ಜಿಲ್ಲೆ) ಸಂಭವಿಸಿದ ಭೂಕಂಪ ಸಾವಿರಾರು ಜನರನ್ನು ಬಲಿ ಪಡೆಯಿತು. ಮಣ್ಣು ಮತ್ತು ಕಲ್ಲಿನ ಭಾರವಾದ ಮನೆಗಳು ಕುಸಿದದ್ದು ಸಾವಿಗೆ ಮುಖ್ಯ ಕಾರಣ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಲಘು ಕಂಪನಗಳೂ ಭೂಗರ್ಭದ ಸದ್ದೂ ಮರುಕಳಿಸಿ, ಜನರು ಮನೆಯ ಹೊರಗೆ ರಾತ್ರಿ ಕಳೆದರು. ಮಳೆಗಾಲದ ನೀರು ಶಿಲೆಯ ಬಿರುಕುಗಳಿಗೆ ಇಳಿದು ಒತ್ತಡ ಬದಲಾಗುವುದು ಇಂಥ ಕಂಪನಗಳಿಗೆ ಕಾರಣವಾಗಬಹುದೆಂದು ತಜ್ಞರು ಹೇಳಿದರು. ಜ್ವಾಲಾಮುಖಿಗೂ ಇವಕ್ಕೂ ಸಂಬಂಧವಿಲ್ಲ.