ಕೂಸಿಗೆ ವಾಕರ್: ಕೊಳ್ಳುವ, ಮಾರುವ ಮುನ್ನ

ಕೂಸಿಗೆ ಏಳೆಂಟು ತಿಂಗಳು ತುಂಬುತ್ತಲೇ ಮನೆಗೆ ವಾಕರ್ ತರುವುದು ಈಗ ವಾಡಿಕೆಯಾಗಿದೆ. ಸೋದರಮಾವ ಉಡುಗೊರೆಯಾಗಿ ತರುವುದುಂಟು. ಶಿಶುವಿಹಾರಗಳಿಗೆ ದಾನವಾಗಿ ಕೊಡುವ ಸದ್ಭಕ್ತರೂ, ಅಂಗಡಿಯಲ್ಲಿಟ್ಟು ಮಾರುವ ವ್ಯಾಪಾರಿ ಭಕ್ತರೂ ನಮ್ಮಲ್ಲಿದ್ದಾರೆ. ಇವರೆಲ್ಲರ ಪ್ರಶ್ನೆ ಒಂದೇ: ಯಾವ ವಾಕರ್ ಸುರಕ್ಷಿತ? ಇದಕ್ಕೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರ ಕೆಲವರಿಗೆ ಅಪ್ರಿಯವೆನಿಸಬಹುದು. ಕೂಸನ್ನು ನಡುವೆ ಕೂರಿಸಿ ಗಾಲಿಗಳ ಮೇಲೆ ಉರುಳಲು ಬಿಡುವ ವಾಕರುಗಳಲ್ಲಿ ಹೆಚ್ಚು ಅಪಾಯದವು, ಕಡಿಮೆ ಅಪಾಯದವು ಎಂಬ ಭೇದವುಂಟು. ಅಪಾಯವೇ ಇಲ್ಲದ್ದು ಎಂಬುದಿಲ್ಲ.

ಇದಕ್ಕೆ ಕಾರಣ ಕಳಪೆ ತಯಾರಿಕೆಯೊಂದೇ ಅಲ್ಲ. ಆ ಸಾಧನದ ಸ್ವರೂಪವೇ ಹಾಗಿದೆ. ಬಟ್ಟೆಯ ಆಸನದಲ್ಲಿ ಕುಳಿತ ಕೂಸು ಕಾಲ್ಬೆರಳಿನಿಂದ ನೆಲವನ್ನು ಒದ್ದರೆ ಸಾಕು, ಒಂದೇ ಸೆಕೆಂಡಿನಲ್ಲಿ ಮೂರು ಅಡಿಗೂ ಹೆಚ್ಚು ದೂರ ಸಾಗಬಲ್ಲದು. ಪಕ್ಕದಲ್ಲಿಯೇ ಇದ್ದ ತಾಯಿ ಕೈಚಾಚುವಷ್ಟರಲ್ಲಿ ಅದು ಮೆಟ್ಟಿಲಿನ ಅಂಚನ್ನು ಮುಟ್ಟಿರುತ್ತದೆ. ಆದುದರಿಂದ 'ನಾವು ನೋಡಿಕೊಳ್ಳುತ್ತೇವೆ' ಎಂಬ ಭರವಸೆ ಇಲ್ಲಿ ಸಾಲದು. ಹೊಸ್ತಿಲು, ಜಗಲಿ, ಪಡಸಾಲೆಯ ಮೆಟ್ಟಿಲುಗಳಿರುವ ನಮ್ಮ ಮನೆಗಳಲ್ಲಿ ಈ ಭಯ ಇನ್ನೂ ಹೆಚ್ಚು. ಜೊತೆಗೆ, ಅಂಬೆಗಾಲಿಡುವ ಕೂಸಿಗೆ ಎಟುಕದ ಬಿಸಿ ಚಹಾದ ಲೋಟ, ಒಲೆಯ ಬಳಿಯ ಪಾತ್ರೆ, ಬಚ್ಚಲಿನ ಬಿಸಿನೀರು ಇವೆಲ್ಲ ವಾಕರಿನಲ್ಲಿರುವ ಕೂಸಿನ ಕೈಗೆ ಎಟುಕುತ್ತವೆ.

ಅಮೆರಿಕದಲ್ಲಿ ೧೯೯೦ರಿಂದ ೨೦೧೪ರವರೆಗೆ ವಾಕರಿನಿಂದ ಗಾಯಗೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ, ೧೫ ತಿಂಗಳಿಗಿಂತ ಕಿರಿಯ ಮಕ್ಕಳ ಸಂಖ್ಯೆಯನ್ನು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ: ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಶೇ. ೯೦ಕ್ಕೂ ಮಿಕ್ಕಿ ತಲೆ ಅಥವಾ ಕತ್ತಿಗೆ ಆದ ಗಾಯಗಳು. ಸುಮಾರು ಮುಕ್ಕಾಲು ಪಾಲು ಮೆಟ್ಟಿಲಿನಿಂದ ಉರುಳಿದ್ದರಿಂದ ಆದವು. ಅಲ್ಲಿ ೨೦೧೦ರಲ್ಲಿ ಕಟ್ಟುನಿಟ್ಟಿನ ಮಾನದಂಡ ಕಡ್ಡಾಯವಾದ ಬಳಿಕ, ಹಿಂದಿನ ನಾಲ್ಕು ವರ್ಷಗಳಿಗೆ ಹೋಲಿಸಿದರೆ ಮುಂದಿನ ನಾಲ್ಕು ವರ್ಷಗಳಲ್ಲಿ ಗಾಯಗಳು ಸುಮಾರು ಶೇ. ೨೩ರಷ್ಟು ಇಳಿದವು, ನಿಲ್ಲಲಿಲ್ಲ. ಕೆನಡಾ ದೇಶವು ೨೦೦೪ರಲ್ಲಿಯೇ ವಾಕರುಗಳ ಮಾರಾಟ, ಆಮದು ಹಾಗೂ ಜಾಹೀರಾತನ್ನು ನಿಷೇಧಿಸಿತು. ಹಳೆಯದನ್ನು ಮಾರುವುದೂ ಅಲ್ಲಿ ಅಪರಾಧ.

'ಬೇಗ ನಡೆಯಲು ಕಲಿಯುತ್ತದೆ' ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಐರ್ಲೆಂಡಿನಲ್ಲಿ ೧೯೦ ಶಿಶುಗಳನ್ನು ಕುರಿತು ನಡೆದು ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಕರನ್ನು ಹೆಚ್ಚು ಬಳಸಿದ ಮಕ್ಕಳು ತಾವಾಗಿ ನಿಲ್ಲುವುದು, ನಡೆಯುವುದು ತಡವಾದುದು ಕಂಡುಬಂದಿತು. ನಡಿಗೆಯೆಂದರೆ ಕಾಲಾಡಿಸುವುದಷ್ಟೇ ಅಲ್ಲ. ಮೈಯ ತೂಕವನ್ನು ತಾನೇ ಹೊತ್ತು, ಬಿದ್ದು, ಎದ್ದು ಸಮತೋಲವನ್ನು ಸಾಧಿಸುವುದು. ಆ ಕೆಲಸವನ್ನು ವಾಕರಿನ ಆಸನವೇ ಮಾಡಿಬಿಟ್ಟರೆ ಕೂಸಿಗೆ ಕಲಿಯಲು ಉಳಿಯುವುದೇನು?

ಹಾಗಾದರೆ ಏನನ್ನು ಕೊಳ್ಳಬೇಕು? ಶಿಶುವಿಹಾರ ನಡೆಸುವವರು ಅದೇ ಹಣದಲ್ಲಿ ದಪ್ಪ ಚಾಪೆ, ಮೆಟ್ಟಿಲಿಗೆ ಹಾಕುವ ಭದ್ರವಾದ ಅಡ್ಡಬಾಗಿಲು, ಹಿಡಿದು ನಿಲ್ಲಲು ಅಲುಗಾಡದ ತಗ್ಗು ಬೆಂಚು ಇವುಗಳನ್ನು ಕೊಳ್ಳಲಿ. ಆಸರೆ ಹಿಡಿದು ನಿಲ್ಲಲು, ಹೆಜ್ಜೆಯಿಡಲು ಬಂದ ಕೂಸಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಮರದ ತಳ್ಳುಗಾಡಿ ಒಪ್ಪುತ್ತದೆ. ಅದರಲ್ಲಿ ಕೂಸು ಕುಳಿತುಕೊಳ್ಳುವುದಿಲ್ಲ, ತನ್ನ ಕಾಲಮೇಲೆ ತಾನು ನಿಲ್ಲುತ್ತದೆ. ಆದರೂ ಸಮತಟ್ಟಾದ ನೆಲ ಮತ್ತು ಹಿರಿಯರ ಕಣ್ಗಾವಲು ಬೇಕೇ ಬೇಕು. ಕೊಳ್ಳುವಾಗ ಗಾಡಿ ಹಗುರವಾಗಿ ಹಿಂದಕ್ಕೆ ಮಗುಚದಂತಿದೆಯೇ, ಗಾಲಿ ಸರ್ರನೆ ಓಡದೇ ಬಿಗಿಯಾಗಿದೆಯೇ, ಸಿಬಿರು, ಮೊಳೆ, ಕಳಚುವ ಸಣ್ಣ ಬಿಡಿಭಾಗಗಳಿವೆಯೇ ಎಂದು ಕೈಯಾರೆ ಸವರಿ ನೋಡಬೇಕು. ಕಾರ್ಖಾನೆಯ ಆಟಿಕೆಗಳಿಗೆ ೨೦೨೧ರ ಜನವರಿ ೧ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದಿಲ್ಲದ ಸರಕನ್ನು ವ್ಯಾಪಾರಿಗಳು ತರಿಸಬಾರದು.

ಮನೆಯಲ್ಲಿ ಈಗಾಗಲೇ ವಾಕರ್ ಇದ್ದರೆ ಅದನ್ನು ಅಟ್ಟಕ್ಕೇರಿಸಬೇಡಿ, ನೆರೆಯವರಿಗೂ ದಾಟಿಸಬೇಡಿ, ದಾನವಾಗಿಯೂ ಕೊಡಬೇಡಿ. ಗಾಲಿಗಳನ್ನು ಕಿತ್ತು ಗುಜರಿಗೆ ಹಾಕುವುದೇ ಲೇಸು. ನಮ್ಮ ಮಗುವಿಗೆ ಬೇಡವೆನಿಸಿದ ಅಪಾಯವನ್ನು ಇನ್ನೊಂದು ಮಗುವಿನ ಮನೆಗೆ ಕಳುಹಿಸಿದರೆ ಅದು ದಾಸೋಹವಾಗದು.

ವ್ಯಾಪಾರಿ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಗಿರಾಕಿ ಕೇಳಿದನೆಂಬ ಮಾತ್ರಕ್ಕೆ ಯಾವುದನ್ನೂ ಮಾರಬಹುದು ಎಂಬುದು ವ್ಯಾಪಾರವಾದೀತು; ಕಾಯಕವಾಗದು. 'ಇದನ್ನು ನಾನು ಮಾರುವುದಿಲ್ಲ, ಇದರ ಬದಲು ತಳ್ಳುಗಾಡಿ ಕೊಳ್ಳಿ' ಎಂದು ಕಾರಣಸಹಿತ ಹೇಳುವ ಅಂಗಡಿಯನ್ನು ತಾಯಂದಿರು ಮರೆಯುವುದಿಲ್ಲ. ಲಾಭ ಸ್ವಲ್ಪ ತಗ್ಗಬಹುದು, ಆದರೆ ಒಂದು ಕೂಸಿನ ತಲೆ ಉಳಿಯುತ್ತದೆ.

ಕೂಸಿಗೆ ನಡಿಗೆ ಕಲಿಸಲು ಬೇಕಾದುದು ಶುಚಿಯಾದ ನೆಲ, ಬರಿಗಾಲು, ಹಿಡಿಯಲೊಂದು ಬೆರಳು ಹಾಗೂ ಹಿರಿಯರ ತಾಳ್ಮೆ. ಇವಾವುವೂ ಅಂಗಡಿಯಲ್ಲಿ ಸಿಗುವಂಥವಲ್ಲ. ಹದಿನೆಂಟು ತಿಂಗಳಾದರೂ ಕೂಸು ತಾನಾಗಿ ನಡೆಯದಿದ್ದರೆ ವಾಕರ್ ಹುಡುಕದೆ ಮಕ್ಕಳ ವೈದ್ಯರನ್ನು ಕಾಣತಕ್ಕದ್ದು.