ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ ಬಿರುಗಾಳಿ

ಇಂಗ್ಲಿಷ್ ಕಾದಂಬರಿ ಓದಲು ಕುಳಿತ ವಿದ್ಯಾರ್ಥಿಗೆ 'ಹೀ ಸ್ಟಾರ್ಮ್ಡ್ ಔಟ್ ಆಫ್ ದ ರೂಮ್' ಎಂಬ ವಾಕ್ಯ ಎದುರಾಗುತ್ತದೆ. ನಿಘಂಟು ತೆರೆದರೆ ಸ್ಟಾರ್ಮ್ ಎಂದರೆ ಬಿರುಗಾಳಿ, ಔಟ್ ಎಂದರೆ ಹೊರಗೆ. ಎರಡನ್ನೂ ಕೂಡಿಸಿದರೆ ಕೋಣೆಯ ಹೊರಗೆ ಗಾಳಿಯೋ ಗಾಳಿ! ಲೇಖಕ ಹೇಳಿದ್ದು ಇಷ್ಟೇ: ಆತ ಸಿಟ್ಟಿನಿಂದ ಧಡಧಡನೆ ಹೊರನಡೆದ.

ಸಿಟ್ಟಿನ ವಿಷಯದಲ್ಲಿ ಕನ್ನಡ ಹೆಚ್ಚಾಗಿ ನೆಚ್ಚಿಕೊಂಡಿರುವುದು ಬೆಂಕಿಯನ್ನು. ಕೆಂಡಾಮಂಡಲವಾಗುವುದು, ಕಿಡಿಕಾರುವುದು, ಉರಿದುಬೀಳುವುದು ಎಲ್ಲವೂ ಒಲೆಯ ಬಳಿಯ ಮಾತುಗಳೇ. ಬೆಂಕಿ ಇಂಗ್ಲಿಷಿನವರಿಗೂ ಗೊತ್ತು. ಆದರೆ ಅವರದು ಬೆಳಗಿನ ಬಿಸಿಲು ಮಧ್ಯಾಹ್ನದವರೆಗೆ ಉಳಿಯುವ ಭರವಸೆಯಿಲ್ಲದ ದ್ವೀಪ. ಅಲ್ಲಿ ಆಕಾಶವೂ ಕೋಪಕ್ಕೆ ಮಾತು ಒದಗಿಸಿದೆ.

ಎರಡು ಭಾಷೆಗಳೂ ಒಂದಾಗುವುದು ಗುಡುಗಿನಲ್ಲಿ. ಸಭೆಯಲ್ಲಿ ನಾಯಕರು 'ಗುಡುಗಿದರು' ಎಂದು ಕನ್ನಡ ಪತ್ರಿಕೆಗಳು ಬರೆದರೆ, ಇಂಗ್ಲಿಷಿನಲ್ಲಿಯೂ 'ಥಂಡರ್' ಎಂಬುದೇ ಕ್ರಿಯಾಪದ. ಒಬ್ಬರ ಮೇಲೆ ಗುಡುಗಿದರೆ 'ಅಟ್', ಕಾನೂನಿನ ವಿರುದ್ಧ ಗುಡುಗಿದರೆ 'ಅಗೇನ್ಸ್ಟ್' ಸೇರುತ್ತದೆ. ತುಟಿ ಬಿಚ್ಚದೆ ಮುಖದಲ್ಲೇ ಸಿಟ್ಟು ಕಾಣಿಸಿದರೆ 'ಎ ಫೇಸ್ ಲೈಕ್ ಥಂಡರ್'.

ಆದರೆ ಗುಡುಗು ಇದ್ದಲ್ಲೆಲ್ಲ ಕೋಪವಿದೆ ಎಂದುಕೊಂಡರೆ ಮೋಸಹೋದಂತೆ. 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜಾನ್ ಡೆನಿಸ್ ಎಂಬಾತನ ನಾಟಕ ನಡೆಯಿತು. ಅದಕ್ಕಾಗಿ ಆತ ಗುಡುಗಿನ ಸದ್ದು ಹೊರಡಿಸುವ ಹೊಸ ಉಪಾಯ ಮಾಡಿದ್ದನಂತೆ. ನಾಟಕ ಬಿದ್ದುಹೋಯಿತು. ಕೆಲದಿನಗಳ ನಂತರ ಅದೇ ರಂಗಮಂದಿರದಲ್ಲಿ 'ಮ್ಯಾಕ್‌ಬೆತ್' ನೋಡಲು ಹೋದಾಗ ಕೇಳಿಸಿದ್ದು ತನ್ನದೇ ಗುಡುಗು! ನಾಟಕ ನಿಲ್ಲಿಸಿ ಗುಡುಗನ್ನು ಮಾತ್ರ ಉಳಿಸಿಕೊಂಡರೆಂದು ಆತ ಎದ್ದು ಕೂಗಾಡಿದ ಎನ್ನುತ್ತದೆ ಹಳೆಯ ಕಥೆ. 'ಸ್ಟೀಲ್ ಸಮ್‌ಒನ್ಸ್ ಥಂಡರ್' ಎಂಬ ನುಡಿಗಟ್ಟು ಹುಟ್ಟಿದ್ದು ಆ ಕೋಪದಿಂದ. ಆದರೆ ಅದಕ್ಕೆ ಈಗಿರುವ ಅರ್ಥ, ಇನ್ನೊಬ್ಬರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ತಾನು ಕಸಿದುಕೊಳ್ಳುವುದು.

ಹೆಚ್ಚಿನ ತೊಡಕು ಇರುವುದು ಕ್ರಿಯಾಪದದ ಬಾಲದಲ್ಲಿ. 'ಬ್ಲೋ' ಎಂದರೆ ಬೀಸು. ಬಿರುಗಾಳಿ 'ಬ್ಲೋ ಅಪ್' ಆದರೆ ಎದ್ದಿತು ಎಂದರ್ಥ. ಮನುಷ್ಯ ಆದರೆ ಸಿಟ್ಟಿನಿಂದ ಸಿಡಿದ (ಇಲ್ಲಿ ಗಾಳಿಗಿಂತ ಸಿಡಿಮದ್ದಿನ ನೆನಪೇ ಹೆಚ್ಚು). ಬಲೂನನ್ನು ಮಾಡಿದರೆ ಊದಿದಂತೆ. 'ಬ್ಲೋ ಓವರ್' ಇನ್ನೊಂದು ಬಗೆ. ಕವಿದ ಮೋಡ ತಾನಾಗಿ ದಾಟಿಹೋಗುವಂತೆ ಜಗಳ ತಣ್ಣಗಾಗುವುದು ಅದು. ಹೀಗೆ ದಾಟಿಹೋಗುವುದು ಜಗಳವೇ ಹೊರತು ಜಗಳವಾಡಿದವರಲ್ಲ. ತಂದೆಯ ಕೋಪ ಇಳಿಯಿತೆಂದು ಹೇಳಲು 'ಮೈ ಫಾದರ್ ಬ್ಲ್ಯೂ ಓವರ್' ಎಂದು ಬರೆದರೆ, ಪಾಪ, ಅವರು ಗಾಳಿಗೆ ಉರುಳಿಬಿದ್ದರು ಎಂದಂತಾಗುತ್ತದೆ. ನುಡಿಗಟ್ಟುಗಳ ದಪ್ಪ ಗೈಡು ಕೊಡಿಸಿ ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡಿಸುವ ತಂದೆತಾಯಿಯರು ಇದನ್ನು ಗಮನಿಸಬೇಕು. ಪಟ್ಟಿಯಲ್ಲಿ ಅರ್ಥವಿರುತ್ತದೆ, ಯಾರ ಬಗ್ಗೆ ಆಡಬಹುದೆಂಬುದು ಇರುವುದಿಲ್ಲ. ದಿನಕ್ಕೆ ಒಂದನ್ನೇ, ಪೂರ್ತಿ ವಾಕ್ಯದಲ್ಲಿ ಕಲಿತರೆ ಲಾಭ ಹೆಚ್ಚು. ಪ್ರಿನ್ಸಿಪಾಲರಿಗೆ ಬರೆಯುವ ಪತ್ರದಲ್ಲಂತೂ ಗಾಳಿ, ಗುಡುಗು ಯಾವುದೂ ಬೇಡ. ಸಾದಾ 'ಆಂಗ್ರಿ' ಸಾಕು.

ಕ್ಷುಲ್ಲಕ ಕಾರಣಕ್ಕೆ ಎದ್ದ ರಂಪವನ್ನು ಇಂಗ್ಲೆಂಡಿನವರು 'ಸ್ಟಾರ್ಮ್ ಇನ್ ಎ ಟೀಕಪ್' ಎನ್ನುತ್ತಾರೆ. ಅಮೆರಿಕನ್ನರು ಆ ಬಿರುಗಾಳಿಯನ್ನು ಟೀಪಾಟಿಗೆ ಸಾಗಿಸಿ 'ಟೆಂಪೆಸ್ಟ್ ಇನ್ ಎ ಟೀಪಾಟ್' ಮಾಡಿದ್ದಾರೆ. ಯೂರೋಪಿಗೆ ಚಹಾ ಕಾಲಿಡುವ ಎಷ್ಟೋ ಶತಮಾನ ಮೊದಲು ರೋಮಿನ ಸಿಸೆರೊ ಇದೇ ಅರ್ಥದಲ್ಲಿ ಸೌಟಿನೊಳಗೆ ಅಲೆ ಎಬ್ಬಿಸುವ ಮಾತು ಬರೆದಿದ್ದ.